ದೊರೆತನದ ನಡುವೆ ದೇವರಮನೆ

ನಮ್ಮ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಸಮಯದ ಹತ್ತಿರ. ಬೆಳಗ್ಗೆ ಡಬ್ಬಿ ಕಟ್ಟಬೇಕು, ಮಕ್ಕಳ ಸ್ಕೂಲ್ ಬಸ್ಸು ತಪ್ಪಬಾರದು, ಆಮೇಲೆ ಲೋಕಲ್ ಟ್ರೇನು, ಆಫೀಸು, ಸಂಜೆ ಬಂದರೆ ಅತ್ತೆಯವರ ಔಷಧಿ, ರಾತ್ರಿಯ ಅಡುಗೆ. ದೇವರ ಮುಂದೆ ಐದು ನಿಮಿಷ ನೆಮ್ಮದಿಯಾಗಿ ಕೂರುವುದಕ್ಕೂ ಆಗುವುದಿಲ್ಲ, ದೀಪ ಹಚ್ಚಿ ಓಡುವುದೇ ಆಯಿತು ಎಂದು ಒಬ್ಬರು ಹೇಳಿದರೆ ಉಳಿದವರೆಲ್ಲ ತಲೆಯಾಡಿಸುತ್ತೇವೆ. ನಾನೂ ವರ್ಷಗಟ್ಟಲೆ ಹಾಗೆ ತಲೆಯಾಡಿಸಿದವಳೇ. ರಿಟೈರ್ ಆದ ಮೇಲೆ ಬೇಕಾದಷ್ಟು ಜಪ, ಪಾರಾಯಣ ಮಾಡಿಕೊಳ್ಳೋಣ ಅಂದುಕೊಂಡಿದ್ದೆ. ರಿಟೈರ್ ಆಗಿ ಎರಡು ವರ್ಷವಾದ ಮೇಲೆ ನೋಡಿಕೊಂಡರೆ ಆಗಲೂ ಸಮಯ ಸಿಕ್ಕಿರಲಿಲ್ಲ! ಎಲ್ಲಿ ಹೋಗುತ್ತಿತ್ತೋ, ಆ ಮೊಬೈಲಿಗೇ ಗೊತ್ತು.

ಕಳೆದ ಚಳಿಗಾಲದಲ್ಲಿ ನಾವು ನಾಲ್ಕು ಜನ ಗೆಳತಿಯರು ಮುಂಬಯಿಯಿಂದ ರಾತ್ರಿಯ ರೈಲು ಹಿಡಿದು ಇಂದೋರಿಗೆ ಹೋಗಿ, ಅಲ್ಲಿಂದ ಕಾರು ಮಾಡಿಕೊಂಡು ಮಹೇಶ್ವರಕ್ಕೆ ಹೋದೆವು. ನಿಜ ಹೇಳಬೇಕೆಂದರೆ ಹೋದದ್ದು ಸೀರೆಗೆ. ಆದರೆ ಕೋಟೆಯೊಳಗಿನ ರಾಜವಾಡೆ ನೋಡಿದ ಮೇಲೆ ನನ್ನ ತಲೆಯಲ್ಲಿ ಸೀರೆ ಹಿಂದೆ ಸರಿಯಿತು. ಅರಮನೆ ಎಂದು ಹುಡುಕಿಕೊಂಡು ಹೋದರೆ ಅಲ್ಲಿರುವುದು ಮರದ ಕಂಬಗಳ ಒಂದು ದೊಡ್ಡ ಮನೆ, ನಡುವೆ ಅಂಗಳ. ನಮ್ಮ ಧಾರವಾಡದ ಕಡೆ ಹಳೆಯ ವಾಡೆಗಳಿರುತ್ತವಲ್ಲ, ಹಾಗೆ. ಒಂದು ಪಕ್ಕದಲ್ಲಿ ಬಿಳಿ ಹಾಸಿನ ಗಾದಿ. ಸಿಂಹಾಸನವಿಲ್ಲ, ಛತ್ರವಿಲ್ಲ. ಅಹಲ್ಯಾಬಾಯಿ ಹೋಳ್ಕರ್ ಇಂಥದೊಂದು ಗಾದಿಯ ಮೇಲೆ ಕುಳಿತು ಸುಮಾರು 28 ವರ್ಷ ರಾಜ್ಯವಾಳಿದರು. ಒಳಗೆ ಪೂಜೆಯ ಕೋಣೆ, ಕೆಳಗೆ ಮೆಟ್ಟಿಲಿಳಿದರೆ ನರ್ಮದೆ.

ಅವರು ಕಟ್ಟಿಸಿದ ಗುಡಿಗಳ ವಿಷಯ ನಮಗೆಲ್ಲ ಗೊತ್ತು. ಕಾಶಿಗೆ ಹೋಗಿಬಂದವರು ಯಾರೂ ಅವರ ಹೆಸರು ಕೇಳದೆ ಬಂದಿರುವುದಿಲ್ಲ. ನನಗೆ ಅದಕ್ಕಿಂತ ಹೆಚ್ಚು ಕುತೂಹಲವಾದದ್ದು ಅವರ ದಿನಚರಿ. ರಾಜ್ಯಭಾರ ಹೊತ್ತ ಹೆಂಗಸು ಪ್ರತಿದಿನ ಅಷ್ಟು ಹೊತ್ತು ಪೂಜೆ, ಪುರಾಣಕ್ಕೆ ಕೂರುವುದು ಹೇಗೆ ಸಾಧ್ಯವಾಯಿತು ಎಂಬುದು. ಊರಿಗೆ ಬಂದ ಮೇಲೆ ಅವರ ವಿಷಯ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನೇ ಇಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಅಹಲ್ಯಾಬಾಯಿ ಹುಟ್ಟಿದ್ದು 1725ರಲ್ಲಿ, ಈಗಿನ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಚೌಂಡಿ ಎಂಬ ಹಳ್ಳಿಯಲ್ಲಿ. ತಂದೆ ಮಾಣಕೋಜಿ ಶಿಂದೆ ಊರಿನ ಪಾಟೀಲರು. ಧನಗರ ಸಮುದಾಯ, ನಮ್ಮ ಕಡೆಯ ಕುರುಬರಂತೆ ಕುರಿ ಸಾಕುವ ಕಸುಬಿನವರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಈ ಹುಡುಗಿಗೆ ಓದು ಬರುತ್ತಿತ್ತು. ಪೇಶ್ವೆಯ ಸರದಾರ ಮಲ್ಹಾರರಾವ್ ಹೋಳ್ಕರ್ ಪುಣೆಯ ದಾರಿಯಲ್ಲಿ ಚೌಂಡಿಯಲ್ಲಿ ತಂಗಿದ್ದಾಗ, ಗುಡಿಯಲ್ಲಿ ಭಕ್ತಿಯಿಂದ ನಿಂತಿದ್ದ ಎಂಟು ವರ್ಷದ ಹುಡುಗಿಯನ್ನು ನೋಡಿ ತನ್ನ ಮನೆಗೆ ಸೊಸೆಯಾಗಿ ತಂದುಕೊಂಡರು ಎಂದು ಮಹಾರಾಷ್ಟ್ರದಲ್ಲಿ ಮನೆಮನೆಯಲ್ಲೂ ಹೇಳುತ್ತಾರೆ. ಮಗ ಖಂಡೇರಾವ್ ಜೊತೆ ಮದುವೆಯಾದದ್ದು 1733ರಲ್ಲಿ.

ಅತ್ತೆ ಗೌತಮಾಬಾಯಿ ಗಟ್ಟಿ ಹೆಂಗಸು. ಮನೆ, ಖಾಸಗಿ ಜಹಗೀರಿನ ಲೆಕ್ಕ ಎಲ್ಲ ಅವರ ಕೈಯಲ್ಲಿತ್ತು. ಸೊಸೆ ಅವರ ಬಳಿ ಲೆಕ್ಕಪತ್ರ ಕಲಿತರು, ಮಾವನ ಬಳಿ ರಾಜಕಾರಣ ಕಲಿತರು. ಮಲ್ಹಾರರಾವ್ ವರ್ಷದಲ್ಲಿ ಬಹುಪಾಲು ದಂಡಿನ ಜೊತೆಗೇ ಇರುವವರು. ಹಿಂದೆ ಉಳಿದ ಕೆಲಸ, ಅಂದರೆ ಕಂದಾಯದ ವಸೂಲಿ, ದಂಡಿಗೆ ಸಾಮಾನು ಕಳಿಸುವುದು, ಕಾಗದಪತ್ರ, ಇವು ಸೊಸೆಯ ಪಾಲಿಗೆ. 1765ರಲ್ಲಿ ಅವರು ಸೊಸೆಗೆ ಬರೆದ ಒಂದು ಕಾಗದದ ವಿಷಯ ಓದಿ ನಾನು ಬೆರಗಾದೆ. ಚಂಬಲ್ ನದಿ ದಾಟಿ ಗ್ವಾಲಿಯರಿಗೆ ಹೋಗು, ಅಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ನಿಲ್ಲಬೇಡ, ದೊಡ್ಡ ತೋಪುಗಳಿಗೆ ಮದ್ದುಗುಂಡು ಹೊಂದಿಸು, ದಾರಿಯಲ್ಲಿ ಕಾವಲು ಠಾಣೆ ಹಾಕಿಸು ಎಂಬ ಅರ್ಥದ ಕಾಗದ. ನಮ್ಮ ಮಾವನವರು ಫೋನ್ ಮಾಡಿದರೆ ಹಪ್ಪಳ ಒಣಗಿತೇ ಎಂದು ಕೇಳುತ್ತಿದ್ದರು!

ಅಷ್ಟರಲ್ಲಾಗಲೇ ಅಹಲ್ಯಾಬಾಯಿ ವಿಧವೆ. 1754ರಲ್ಲಿ ಭರತಪುರದ ಹತ್ತಿರ ಕುಂಭೇರಿ ಕೋಟೆಯ ಮುತ್ತಿಗೆಯಲ್ಲಿ ತೋಪಿನ ಗುಂಡು ತಗುಲಿ ಖಂಡೇರಾವ್ ತೀರಿಕೊಂಡರು. ಇನ್ನೂ ಮೂವತ್ತು ತುಂಬದ ಸೊಸೆ ಚಿತೆಯೇರಲು ಸಿದ್ಧವಾದಾಗ ತಡೆದದ್ದು ಮಾವ. ಮಗ ಹೋದ, ನೀನೂ ಹೋದರೆ ಈ ಮುದುಕನಿಗೆ ಯಾರು ದಿಕ್ಕು, ಇನ್ನು ನೀನೇ ನನ್ನ ಮಗ ಎಂದು ಬೇಡಿಕೊಂಡರಂತೆ. ಅವರು ನಿಂತರು. ಇಬ್ಬರು ಮಕ್ಕಳೂ ಇದ್ದರು, ಮಾಲೇರಾವ್ ಮತ್ತು ಮುಕ್ತಾಬಾಯಿ.

ಮಾವ 1766ರಲ್ಲಿ ಆಲಂಪುರದಲ್ಲಿ ತೀರಿಹೋದರು. ಪಟ್ಟಕ್ಕೆ ಬಂದ ಮಗ ಮಾಲೇರಾವ್ ವರ್ಷ ತುಂಬುವ ಮೊದಲೇ ಬುದ್ಧಿ ಕೆಟ್ಟು ಸತ್ತ. ಗಂಡ, ಮಾವ, ಮಗ, ಎಲ್ಲ ಹದಿಮೂರು ವರ್ಷದೊಳಗೆ. ಮಗ ಹೋದ ದುಃಖ ಹಸಿಯಾಗಿದ್ದಾಗಲೇ ದಿವಾನ ಗಂಗಾಧರ ಯಶವಂತ ಚಂದ್ರಚೂಡ ಒಂದು ಸಲಹೆ ತಂದ. ಯಾವುದಾದರೂ ಮಗುವನ್ನು ದತ್ತು ತೆಗೆದುಕೊಳ್ಳಿ, ರಾಜ್ಯ ನಾವು ನೋಡಿಕೊಳ್ಳುತ್ತೇವೆ, ನೀವು ಪೂಜೆ ಪುನಸ್ಕಾರ ಮಾಡಿಕೊಂಡು ನೆಮ್ಮದಿಯಾಗಿರಿ ಎಂಬ ಧಾಟಿ. ಪೇಶ್ವೆಯ ಚಿಕ್ಕಪ್ಪ ರಘುನಾಥರಾವ್ ಅವನ ಬೆನ್ನಿಗಿದ್ದ.

ಈ ಜಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ದೈವಭಕ್ತೆಯಾದ ಹೆಂಗಸಿಗೆ ಇದಕ್ಕಿಂತ ಅನುಕೂಲದ ಮಾತು ಇನ್ನೇನು ಬೇಕಿತ್ತು? ಇಡೀ ದಿನ ಪೂಜೆಗೆ ಸಿಗುತ್ತಿತ್ತು. ಸಮಯವಿಲ್ಲ ಎನ್ನುವ ದೂರೇ ಇರುತ್ತಿರಲಿಲ್ಲ. ಅವರು ಒಪ್ಪಲಿಲ್ಲ. ಒಬ್ಬ ದೊರೆಯ ಹೆಂಡತಿ, ಇನ್ನೊಬ್ಬ ದೊರೆಯ ತಾಯಿಯಾದ ತನಗೆ ಉತ್ತರಾಧಿಕಾರಿಯನ್ನು ಆರಿಸುವ ಹಕ್ಕಿದೆ ಎಂದು ಖಂಡಿತವಾಗಿ ತಿಳಿಸಿದರು. ಶಿಂದೆ, ಭೋಸಲೆ, ಗಾಯಕವಾಡರಿಗೆ ಕಾಗದ ಬರೆಸಿದರು, ದಂಡು ಸಜ್ಜು ಮಾಡಿಸಿದರು. ಹೆಂಗಸರ ಪಡೆಯನ್ನೇ ಕಟ್ಟಿಕೊಂಡು, ನೀವು ಗೆದ್ದರೆ ಹೆಂಗಸರನ್ನು ಗೆದ್ದಿರಿ ಎಂದಾಗುತ್ತದೆ, ಸೋತರೆ ಮುಖ ತೋರಿಸಲಾರಿರಿ ಎಂದು ಹೇಳಿಕಳಿಸಿದರು ಎಂಬ ಕಥೆಯೂ ಇದೆ. ಕಥೆಯೋ ನಿಜವೋ, ಕ್ಷಿಪ್ರಾ ನದಿಯ ದಡದವರೆಗೆ ಬಂದಿದ್ದ ರಘುನಾಥರಾವ್ ಯುದ್ಧವಿಲ್ಲದೆ ಸುಮ್ಮನಾದದ್ದು ನಿಜ. ಪೇಶ್ವೆ ಮಾಧವರಾವ್ ಅಹಲ್ಯಾಬಾಯಿಯವರ ಪರವಾಗಿ ನಿಂತರು. ದಂಡಿನ ಹೊಣೆಯನ್ನು ಅಹಲ್ಯಾಬಾಯಿ ತುಕೋಜಿ ಹೋಳ್ಕರರಿಗೆ ಒಪ್ಪಿಸಿ, ಮಾಳವ ಮತ್ತು ನಿಮಾಡಿನ ಆಡಳಿತವನ್ನು ತಾವೇ ಇಟ್ಟುಕೊಂಡು, ನರ್ಮದೆಯ ದಡದ ಮಹೇಶ್ವರದಲ್ಲಿ ನೆಲೆ ನಿಂತರು. ವರ್ಷ 1767, ಅವರಿಗೆ ನಲವತ್ತೆರಡು.

ಇನ್ನು ಅವರ ದಿನಚರಿ. ಇದು ನಮಗೆ ಗೊತ್ತಿರುವುದು ಬಹುಮಟ್ಟಿಗೆ ಸರ್ ಜಾನ್ ಮಾಲ್ಕಮ್ ಎಂಬ ಇಂಗ್ಲಿಷ್ ಅಧಿಕಾರಿಯಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ವ್ಯವಸ್ಥೆ ಮಾಡಿದ ಕಮಿಷನ್ನಿನಲ್ಲಿ ಕಾರ್ಯದರ್ಶಿಯಾಗಿದ್ದವರು, ಮುಂದೆ ಮುಂಬಯಿಯ ಗವರ್ನರ್ ಆದವರು ಇವರೇ. ನಡುವೆ, 1818ರ ನಂತರ, ಮಾಳವದ ಆಡಳಿತ ಅವರ ಕೈಗೆ ಬಂತು. ಅಹಲ್ಯಾಬಾಯಿ ತೀರಿಕೊಂಡು ಆಗ ಇಪ್ಪತ್ತಮೂರು ವರ್ಷ. ಅವರ ದರ್ಬಾರು ಕಂಡವರು, ಅವರ ಕೈಕೆಳಗೆ ಕೆಲಸ ಮಾಡಿದವರು ಇನ್ನೂ ಬದುಕಿದ್ದರು. ಎಲ್ಲರೂ ಒಂದೇ ಸಮನೆ ಹೊಗಳುವುದನ್ನು ಕೇಳಿ ಮಾಲ್ಕಮ್‌ಗೆ ಅನುಮಾನ ಬಂತು. ಬೇರೆ ಬೇರೆ ಕಡೆಯವರನ್ನು ವಿಚಾರಿಸಿದರು. ಕೆದಕಿದಷ್ಟೂ ಗೌರವ ಹೆಚ್ಚಿತು ಎಂಬ ಅರ್ಥದಲ್ಲಿ 1823ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಗೆದ್ದವರ ಕಡೆಯ ಅಧಿಕಾರಿ, ಹೊಗಳಬೇಕಾದ ದರ್ದು ಅವರಿಗಿರಲಿಲ್ಲ.

ಅವರು ಕೊಟ್ಟಿರುವ ಲೆಕ್ಕ ಹೀಗಿದೆ. ಬೆಳಕು ಹರಿಯುವುದಕ್ಕೆ ಒಂದು ಗಂಟೆ ಮೊದಲು ಅಹಲ್ಯಾಬಾಯಿ ಏಳುತ್ತಿದ್ದರು. ಪ್ರಾರ್ಥನೆ, ಪೂಜೆ. ಅದಾದ ಮೇಲೆ ಗೊತ್ತುಪಡಿಸಿದ ಹೊತ್ತು ಪುರಾಣ ಶ್ರವಣ. ಆಮೇಲೆ ದಾನ. ಒಂದಷ್ಟು ಬ್ರಾಹ್ಮಣರಿಗೆ ಊಟ. ಅದನ್ನು ತಾವೇ ಮುಂದೆ ನಿಂತು ಕೈಯಾರೆ ಬಡಿಸುವುದು. ಆಮೇಲೆ ತಮ್ಮ ಊಟ. ಅವರ ಕುಲಾಚಾರದಲ್ಲಿ ಮಾಂಸಕ್ಕೆ ನಿಷೇಧವಿರಲಿಲ್ಲ, ಆದರೂ ಬಿಟ್ಟಿದ್ದರು. ಊಟದ ನಂತರ ಮತ್ತೆ ಸ್ವಲ್ಪ ಪ್ರಾರ್ಥನೆ, ಸ್ವಲ್ಪ ವಿಶ್ರಾಂತಿ. 2 ಗಂಟೆಯ ಹೊತ್ತಿಗೆ ದರ್ಬಾರು. ಅಲ್ಲಿಂದ ಸಂಜೆ 6ರವರೆಗೆ ರಾಜ್ಯದ ಕೆಲಸ. 6ರ ನಂತರ ಎರಡು ಮೂರು ಗಂಟೆ ಮತ್ತೆ ಪೂಜೆ, ಮಿತವಾದ ಫಲಾಹಾರ. 9 ಗಂಟೆಗೆ ಮತ್ತೆ ಕಾಗದಪತ್ರ. 11ಕ್ಕೆ ಮಲಗುವುದು.

ನಾನು ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ರಾತ್ರಿ 9ರಿಂದ 11. ನಮ್ಮ ಮನೆಗಳಲ್ಲಿ ಸೀರಿಯಲ್ ಸಮಯ. ಆಮೇಲೆ ಕಂಡದ್ದು, ಅವರ ಪೂಜೆಯ ಹೊತ್ತು ಕೆಲಸದಿಂದ ಕದ್ದದ್ದಲ್ಲ, ನಿದ್ದೆಯಿಂದ ತೆಗೆದದ್ದು. ರಾತ್ರಿ 11ರಿಂದ ನಸುಕಿನ ನಾಲ್ಕೂವರೆ, ಐದರವರೆಗೆ ಲೆಕ್ಕ ಹಾಕಿದರೆ ಐದಾರು ಗಂಟೆ ನಿದ್ದೆ. ಇಷ್ಟು ಕಡಿಮೆ ನಿದ್ದೆ ನಮ್ಮ ವಯಸ್ಸಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಬೈಯುತ್ತಾರೆ, ಅದು ಬೇರೆ ಮಾತು.

ಇನ್ನೊಂದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವರ ಮನೆಯಲ್ಲಿ ಅಡುಗೆಯವರಿದ್ದರು, ನೀರು ತರುವವರು, ಕಸ ಗುಡಿಸುವವರು, ಪುರಾಣ ಓದುವ ಶಾಸ್ತ್ರಿಗಳು ಇದ್ದರು. ನಾವು ಹಾಲು ಉಕ್ಕದಂತೆ ನೋಡುತ್ತಲೇ ವಿಷ್ಣುಸಹಸ್ರನಾಮ ಹೇಳುವವರು. ಅವರ ಗಂಟೆಗಳನ್ನು ನಮ್ಮ ಗೋಡೆ ಗಡಿಯಾರಕ್ಕೆ ತಂದು ಕಟ್ಟಿದರೆ ಹೊಂದುವುದಿಲ್ಲ. ನನಗೆ ಹಿಡಿಸಿದ್ದು ಗಂಟೆಗಳ ಸಂಖ್ಯೆ ಅಲ್ಲವೇ ಅಲ್ಲ. ಅವು ಎಲ್ಲಿವೆ ಎಂಬುದು. ದಿನದ ಮೊದಲು ಒಂದು, ಊಟದ ಹಿಂದೆ ಮುಂದೆ ಒಂದು, ಮಧ್ಯಾಹ್ನದ ದರ್ಬಾರು ಮುಗಿದು ರಾತ್ರಿಯ ಕೆಲಸ ಶುರುವಾಗುವ ನಡುವೆ ಒಂದು. ಕೆಲಸ ಮುಗಿದು ಉಳಿದ ಹೊತ್ತಿನಲ್ಲಿ ದೇವರು ಎಂಬ ಏರ್ಪಾಡು ಅಲ್ಲ ಅದು. ಹೊತ್ತು ಮೊದಲೇ ಗೊತ್ತಾಗಿದೆ, ಕೆಲಸ ಅದರ ಅಕ್ಕಪಕ್ಕದಲ್ಲಿ ಕೂರುತ್ತದೆ. ಉಳಿದರೆ ನೋಡೋಣ ಎಂದು ಅವರು ಕಾದಿದ್ದರೆ ಏನಾಗುತ್ತಿತ್ತು? ನನಗೆ ನಿವೃತ್ತಿಯಲ್ಲಿ ಆದದ್ದೇ ಆಗುತ್ತಿತ್ತು.

ಕೆಲಸವಾದರೂ ಎಂಥದ್ದು! ದರ್ಬಾರಿಗೆ ಯಾರು ಬೇಕಾದರೂ ಬರಬಹುದಿತ್ತು. ಪರದೆಯ ಹಿಂದೆ ಕೂರುವವರಲ್ಲ ಅವರು. ರೈತರ, ವ್ಯಾಪಾರಿಗಳ ಅಹವಾಲನ್ನು ಸ್ವತಃ ಕೇಳುತ್ತಿದ್ದರು. ಕಂದಾಯ ಹದವಾಗಿತ್ತು. ಮಕ್ಕಳಿಲ್ಲದೆ ಗಂಡ ತೀರಿಕೊಂಡರೆ ಆಸ್ತಿ ಸರ್ಕಾರಕ್ಕೆ ಎಂದು ಅಧಿಕಾರಿಗಳು ಕೈಚಾಚುವ ಕಾಲ. ಅಂಥ ವಿಧವೆಯರಿಗೆ ದತ್ತು ತೆಗೆದುಕೊಳ್ಳಲು, ಆಸ್ತಿಯನ್ನು ಇಟ್ಟುಕೊಳ್ಳಲು ಅವರು ಬಿಟ್ಟರು. ಪುಣೆ, ಹೈದರಾಬಾದ್, ನಾಗಪುರ, ಲಖನೌ, ಕಲ್ಕತ್ತಾ, ಮತ್ತು ನಮ್ಮ ಶ್ರೀರಂಗಪಟ್ಟಣದಲ್ಲೂ ಅವರ ವಕೀಲರು ಇದ್ದರು. ಅಲ್ಲಿಂದ ಕಾಗದಗಳು ಬರುತ್ತಿದ್ದವು. ಈಗ ನಾವೆಲ್ಲ ಚದುರಿಕೊಂಡಿರುವ ಊರುಗಳು ಬಹುಪಾಲು ಆ ಪಟ್ಟಿಯಲ್ಲೇ ಇವೆ ನೋಡಿ. ರಾತ್ರಿ 9ರ ನಂತರ ಎಣ್ಣೆ ದೀಪದಲ್ಲಿ ಓದಿಸಿ, ಉತ್ತರ ಬರೆಸಬೇಕಾದ ಕಾಗದಗಳು.

ಅವರು ಹೊರಡಿಸುವ ಆಜ್ಞೆಗಳ ಮೇಲೆ ಅವರ ಹೆಸರಲ್ಲ, ಶ್ರೀ ಶಂಕರ ಎಂದು ಇರುತ್ತಿತ್ತು. ರಾಜ್ಯ ಶಿವನದು, ತಾನು ನಡೆಸುವವಳು ಎಂಬ ಭಾವ. ಅಧಿಕಾರ ನಡೆಸಿದ ಪ್ರತಿಯೊಂದಕ್ಕೂ ದೇವರಿಗೆ ಲೆಕ್ಕ ಒಪ್ಪಿಸಬೇಕು ಎಂದು ಅವರು ನಂಬಿದ್ದರು; ಸಚಿವರು ಬಿಗಿ ಮಾಡೋಣ ಎಂದು ಒತ್ತಾಯಿಸಿದಾಗ ಆ ಲೆಕ್ಕವನ್ನೇ ನೆನಪಿಸುತ್ತಿದ್ದರಂತೆ. ಹೀಗಿದ್ದಾಗ ಬೆಳಗಿನ ಪೂಜೆ ಮುಗಿಸಿ ಮಧ್ಯಾಹ್ನ ಗಾದಿಗೆ ಬಂದು ಕೂರುವುದು ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಬಂದಂತೆ ಅವರಿಗೆ ಅನ್ನಿಸಿರಲಾರದು. ಬಡಿಸುವ ಕೆಲಸವನ್ನು ನೋಡಿ, ಅದು ಪೂಜೆಯ ಲೆಕ್ಕವೋ, ಮನೆಗೆಲಸದ ಲೆಕ್ಕವೋ? ಪುರಾಣಕ್ಕೂ ತಮ್ಮ ಊಟಕ್ಕೂ ನಡುವೆ ಅದನ್ನು ಇಟ್ಟಿದ್ದರು.

ಹಾಗೆಂದು ಈ ದಿನಚರಿ ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. ಹಬ್ಬ, ಉಪವಾಸಗಳಲ್ಲಿ ಬದಲಾಗುತ್ತಿತ್ತು. ರಾಜ್ಯಕ್ಕೆ ತುರ್ತು ಬಂದಾಗ ಬದಲಾಗುತ್ತಿತ್ತು ಎಂದು ಮಾಲ್ಕಮ್ ಸ್ಪಷ್ಟವಾಗಿ ಹೇಳುತ್ತಾರೆ. ತುರ್ತುಗಳಿಗೆ ಕೊರತೆಯೇನೂ ಇರಲಿಲ್ಲ. ರಾಮಪುರದ ಚಂದ್ರಾವತ ರಜಪೂತರು ದಂಗೆ ಎದ್ದರು, ಅಡಗಿಸಬೇಕಾಯಿತು. ಬೆಟ್ಟದ ದಾರಿಗಳಲ್ಲಿ ದರೋಡೆ ಮಾಡುತ್ತಿದ್ದ ಭಿಲ್ಲರೊಂದಿಗೆ ಮೊದಲು ನಯವಾಗಿ, ಅದು ನಡೆಯದಿದ್ದಾಗ ಕಠಿಣವಾಗಿ ನಡೆದುಕೊಂಡರು. ಕೊನೆಗೆ ಅವರಿಗೆ ಹಿಂದಿನಿಂದ ಬಂದ ದಾರಿಸುಂಕದ ಹಕ್ಕನ್ನು ಉಳಿಸಿಕೊಟ್ಟು, ಅದೇ ದಾರಿಯ ಕಾವಲನ್ನೂ ಅವರಿಗೇ ವಹಿಸಿದರು. ಮೆತ್ತಗಿನ ಭಕ್ತೆ ಎಂದುಕೊಂಡು ಬಂದವರು ಪೆಟ್ಟು ತಿಂದದ್ದುಂಟು.

ದಾನಧರ್ಮದ ವಿಷಯ ಎಲ್ಲರೂ ಬರೆದಿದ್ದಾರೆ, ಬೇಗ ಹೇಳಿ ಮುಗಿಸುತ್ತೇನೆ. ಕಾಶಿಯ ಈಗಿನ ವಿಶ್ವನಾಥ ಮಂದಿರ 1780ರಲ್ಲಿ ಅವರು ಕಟ್ಟಿಸಿದ್ದು. ಸೋಮನಾಥದಲ್ಲಿ ಗುಡಿ, ಗಯೆಯಲ್ಲಿ ವಿಷ್ಣುಪಾದ ಮಂದಿರ, ಎಲ್ಲೋರದ ಘೃಷ್ಣೇಶ್ವರ. ಬದರಿ, ಕೇದಾರದ ದಾರಿಯಿಂದ ಹಿಡಿದು ಊರೂರುಗಳಲ್ಲಿ ಛತ್ರ, ಬಾವಿ, ಘಾಟು. ಅವರ ಧರ್ಮಕಾರ್ಯಗಳ ಪಟ್ಟಿಯಲ್ಲಿ ನಮ್ಮ ಗೋಕರ್ಣದ ಹೆಸರೂ ಬರುತ್ತದೆ. ದಕ್ಷಿಣದ ದೇವಾಲಯಗಳಿಗೆ ಅಭಿಷೇಕಕ್ಕೆಂದು ಗಂಗಾಜಲವನ್ನು ಕಾಲಕಾಲಕ್ಕೆ ತಪ್ಪದೆ ಕಳಿಸುತ್ತಿದ್ದರು. ಇದಕ್ಕೆಲ್ಲ ಹಣ ಹೋಗುತ್ತಿದ್ದದ್ದು ಅವರ ಖಾಸಗಿ ಬೊಕ್ಕಸದಿಂದ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದವು ಚಿಕ್ಕ ಸಂಗತಿಗಳು. ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಕೊಡಲು ದಾರಿಯುದ್ದಕ್ಕೂ ಜನರನ್ನಿಟ್ಟಿದ್ದರು, ಚಳಿಗಾಲದಲ್ಲಿ ಬಡವರಿಗೆ ಬಟ್ಟೆ. ಮಹೇಶ್ವರದ ಸುತ್ತ ಉಳುತ್ತಿದ್ದ ರೈತ ನೋಡುತ್ತಿದ್ದಂತೆ ಅಹಲ್ಯಾಬಾಯಿಯವರ ಸೇವಕ ಬಂದು ನೇಗಿಲಿನ ಎತ್ತುಗಳನ್ನು ನಿಲ್ಲಿಸಿ ನೀರು ಕುಡಿಸಿ ಹೋಗುತ್ತಿದ್ದನಂತೆ. ರೈತರು ಹೊಲದಿಂದ ಹಕ್ಕಿಗಳನ್ನು ಓಡಿಸುತ್ತಾರೆಂದು, ಹಕ್ಕಿಗಳಿಗಾಗಿಯೇ ಪೈರು ನಿಂತ ಹೊಲಗಳನ್ನು ಕೊಂಡು ಬಿಟ್ಟಿದ್ದರು. ಕೇಳಿದರೆ ನಗು ಬರುತ್ತದೆ. ಮಾಲ್ಕಮ್ ಅವರಿಗೂ ಇದು ವಿಚಿತ್ರವಾಗಿ ಕಂಡಿರಬೇಕು. ಆದರೆ ಇದರ ಬಗ್ಗೆ ಅವರು ಒಬ್ಬ ವಿವೇಕಿ ಬ್ರಾಹ್ಮಣರನ್ನು ಕೇಳಿದಾಗ, ಅಹಲ್ಯಾಬಾಯಿ ಇದರ ಎರಡರಷ್ಟು ಹಣವನ್ನು ಸೈನ್ಯಕ್ಕೆ ಸುರಿದಿದ್ದರೂ ರಾಜ್ಯ ಇಷ್ಟು ಸುರಕ್ಷಿತವಾಗಿ ಇರುತ್ತಿರಲಿಲ್ಲ ಎಂಬರ್ಥದ ಉತ್ತರ ಬಂತಂತೆ.

ಹೊಗಳಿಕೆ ಅವರಿಗೆ ಆಗುತ್ತಿರಲಿಲ್ಲ. ಒಬ್ಬ ಪಂಡಿತರು ಅವರನ್ನು ಸ್ತುತಿಸಿ ಒಂದು ಗ್ರಂಥವನ್ನೇ ಬರೆದು ತಂದರು. ಪೂರ್ತಿ ಓದುವವರೆಗೆ ತಾಳ್ಮೆಯಿಂದ ಕೇಳಿದರು. ಆಮೇಲೆ, ಪಾಪಿಯಾದ ತನ್ನಂಥ ಬಲಹೀನ ಹೆಂಗಸಿಗೆ ಇದು ಸಲ್ಲುವುದಿಲ್ಲ ಎಂದು ಹೇಳಿ ಪುಸ್ತಕವನ್ನು ನರ್ಮದೆಗೆ ಹಾಕಿಸಿದರು. ಪಂಡಿತರಿಗೆ ಸಂಭಾವನೆಯೂ ಇಲ್ಲ. ಪಾಪ, ಅವರ ಶ್ರಮ ನೆನೆದರೆ ಬೇಸರವಾಗುತ್ತದೆ. ಒಂದು ಸಾಲಾದರೂ ಉಳಿದಿದ್ದರೆ ನಮ್ಮಂಥವರಿಗೆ ಉಪಯೋಗವಾಗುತ್ತಿತ್ತು.

ನೋಡಲು ಹೇಗಿದ್ದರು? ಮಧ್ಯಮ ಎತ್ತರ, ತೆಳ್ಳಗಿನ ಮೈ, ಕಪ್ಪು ಮಿಶ್ರಿತ ಬಣ್ಣ, ರೂಪವತಿ ಅಲ್ಲ. ಅಂಚಿಲ್ಲದ ಬಿಳಿ ಸೀರೆ, ಕೊರಳಲ್ಲಿ ಒಂದು ಸಣ್ಣ ಸರ ಬಿಟ್ಟರೆ ಒಡವೆಯಿಲ್ಲ. ಸದಾ ಹಸನ್ಮುಖಿ, ಸಿಟ್ಟು ಅಪರೂಪ. ಸ್ವತಃ ಬಿಳಿ ಉಟ್ಟವರು ಮಹೇಶ್ವರಕ್ಕೆ ನೇಕಾರರನ್ನು ಕರೆಸಿ ನೆಲೆ ಮಾಡಿಕೊಟ್ಟದ್ದರಿಂದ ಇವತ್ತು ನಾವು ಮಹೇಶ್ವರಿ ಸೀರೆ ಉಡುತ್ತಿದ್ದೇವೆ. ಅದರ ಅಂಚಿನಲ್ಲಿರುವ ವಿನ್ಯಾಸಗಳು ಆ ಕೋಟೆಯ ಗೋಡೆಯ ಕೆತ್ತನೆಯಿಂದಲೇ ಬಂದವು ಎಂದು ಅಲ್ಲಿ ತೋರಿಸುತ್ತಾರೆ.

ಈಗ ಹೇಳಲು ಕಷ್ಟವಾದದ್ದನ್ನು ಹೇಳಬೇಕು.

ಉಳಿದಿದ್ದ ಒಬ್ಬಳೇ ಮಗಳು ಮುಕ್ತಾಬಾಯಿ. ರಾಜ್ಯದಲ್ಲಿ ಕಳ್ಳಕಾಕರ ಕಾಟ ಅಡಗಿಸಿದವರಿಗೆ ಮಗಳನ್ನು ಕೊಡುತ್ತೇನೆಂದು ಸಾರಿ, ಆ ಕೆಲಸ ಮಾಡಿದ ಯಶವಂತರಾವ್ ಫಣಸೆ ಎಂಬ ತರುಣನಿಗೆ ಮದುವೆ ಮಾಡಿಕೊಟ್ಟರು ಎಂಬ ಕಥೆ ಮನೆಮಾತಾಗಿದೆ. ಅವರಿಗೆ ಒಬ್ಬನೇ ಮಗ. ಅಜ್ಜಿಯ ಕಣ್ಣಮುಂದೆ ಬೆಳೆದವನು, ಮಹೇಶ್ವರದಲ್ಲಿ ತೀರಿಹೋದ. ಒಂದು ವರ್ಷಕ್ಕೆ ಯಶವಂತರಾವ್ ಹೋದರು. ಮುಕ್ತಾಬಾಯಿ ಸಹಗಮನ ಮಾಡುತ್ತೇನೆಂದು ಹಟ ಹಿಡಿದಳು. ವರ್ಷ 1791. ತಾಯಿಗೆ ಆಗ ಅರವತ್ತಾರು.

ತಾಯಿಯಾಗಿ, ದೊರೆಯಾಗಿ ತಡೆಯಲು ಏನೆಲ್ಲ ಉಂಟೋ ಮಾಡಿದರು. ಮಗಳ ಮುಂದೆ ನೆಲಕ್ಕೆ ಬಿದ್ದು ಬೇಡಿಕೊಂಡರು. ನಿನಗೆ ವಯಸ್ಸಾಯಿತು, ಇನ್ನು ಕೆಲವು ವರ್ಷಗಳಲ್ಲಿ ನೀನೂ ಹೋಗುತ್ತೀಯೆ, ಮಗ ಗಂಡ ಇಬ್ಬರನ್ನೂ ಕಳೆದುಕೊಂಡು ಆಮೇಲೆ ನಾನು ಯಾರಿಗಾಗಿ ಇರಲಿ ಎಂಬುದು ಮಗಳ ಉತ್ತರ. ತನ್ನನ್ನು ಮಾವ ತಡೆದಿದ್ದರು. ತನ್ನ ಮಗಳನ್ನು ತಾನು ತಡೆಯಲಾಗಲಿಲ್ಲ. ಮಾಳವದಲ್ಲಿ ಅವರ ಮಾತು ಮೀರುವವರು ಯಾರೂ ಇರಲಿಲ್ಲ, ಈ ಒಬ್ಬಳು ಮೀರಿದಳು.

ಹೋಗುವುದೇ ಆದರೆ ಕೊನೆಯವರೆಗೆ ಜೊತೆಗಿರುತ್ತೇನೆ ಎಂದು ಅಹಲ್ಯಾಬಾಯಿ ಮೆರವಣಿಗೆಯಲ್ಲಿ ನಡೆದು, ಚಿತೆಯ ಹತ್ತಿರ ನಿಂತರು. ಇಬ್ಬರು ಬ್ರಾಹ್ಮಣರು ಎರಡೂ ತೋಳು ಹಿಡಿದುಕೊಂಡಿದ್ದರು. ಮೊದಲ ಉರಿ ಏಳುವವರೆಗೆ ಹೇಗೋ ತಡೆದುಕೊಂಡರು. ಆಮೇಲೆ ಆಗಲಿಲ್ಲ. ಅವರ ಚೀರಾಟ ಜನಸಂದಣಿಯ ಗದ್ದಲದಲ್ಲೂ ಕೇಳಿಸಿತಂತೆ. ಹಿಡಿದವರ ಕೈ ಬಿಡಿಸಿಕೊಳ್ಳಲಾಗದೆ ತಮ್ಮ ಕೈಯನ್ನೇ ಕಚ್ಚಿಕೊಂಡರಂತೆ. ಎಲ್ಲ ಮುಗಿದ ಮೇಲೆ ಸ್ವಲ್ಪ ಸುಧಾರಿಸಿಕೊಂಡು ನರ್ಮದೆಯಲ್ಲಿ ಸ್ನಾನ ಮಾಡಿ ಮನೆಗೆ ಹೋದರು. ಮೂರು ದಿನ ಹೆಚ್ಚುಕಡಿಮೆ ಏನೂ ತಿನ್ನಲಿಲ್ಲ. ಒಂದು ಮಾತೂ ಆಡಲಿಲ್ಲ.

ಇದನ್ನು ಓದಿದ ದಿನ ನನಗೆ ಬೇರೆ ಏನನ್ನೂ ಓದಲಾಗಲಿಲ್ಲ. ಇಷ್ಟು ವರ್ಷ ತಪ್ಪದೆ ಪೂಜೆ ಮಾಡಿದವರಿಗೆ ಹೀಗಾಯಿತಲ್ಲ ಎಂದು ಒಳಗೆ ಒಂದು ಸಿಟ್ಟು. ದಿನಾ ದೀಪ ಹಚ್ಚುವಾಗ ನಾವೆಲ್ಲ ಮನೆಮಂದಿ ಚೆನ್ನಾಗಿರಲಿ ಎಂದಲ್ಲವೇ ಕೇಳುವುದು? ಅವರೂ ಕೇಳಿರಲಿಕ್ಕಿಲ್ಲವೇ? ಗಂಡ, ಮಗ, ಮೊಮ್ಮಗ, ಅಳಿಯ, ಮಗಳು ಒಬ್ಬೊಬ್ಬರಾಗಿ ಹೋದರು, ಮನೆ ಖಾಲಿಯಾಯಿತು. ಪೂಜೆ ಅವರನ್ನು ದುಃಖದಿಂದ ಕಾಪಾಡಲಿಲ್ಲ. ಅವರು ಕಲ್ಲಾಗಿಯೂ ಇರಲಿಲ್ಲ, ಆ ದಡದಲ್ಲಿ ಎಲ್ಲರೆದುರು ಚೀರಿದರು.

ಆದರೆ ಅವರ ಬದುಕು ಆ ಮೂರು ದಿನಕ್ಕೆ ನಿಲ್ಲಲಿಲ್ಲ. ಚೇತರಿಸಿಕೊಂಡ ಮೇಲೆ ಮಗಳು ಅಳಿಯಂದಿರ ನೆನಪಿಗೆ ಒಂದು ಸುಂದರ ಸ್ಮಾರಕ ಕಟ್ಟಿಸುವುದರಲ್ಲಿ ಮನಸ್ಸಿಟ್ಟರು. ಇನ್ನೂ ನಾಲ್ಕು ವರ್ಷ ರಾಜ್ಯಭಾರ ಮಾಡಿದರು. ಬಿಟ್ಟುಹೋದ ದಿನ ಮತ್ತೆ ಹೇಗೆ ಶುರುವಾಗಿರಬಹುದು ಎಂದು ಯೋಚಿಸುತ್ತೇನೆ. ನನ್ನ ತಾಯಿ ತೀರಿಕೊಂಡಾಗ ಹದಿನಾಲ್ಕನೆಯ ದಿನ ಬೆಳಗ್ಗೆ ಎದ್ದು ಏನು ಮಾಡಬೇಕೆಂದು ತೋಚದೆ, ಅವರು ಬಳಸುತ್ತಿದ್ದ ಹಿತ್ತಾಳೆಯ ದೀಪ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಭಕ್ತಿಯೇನೂ ಬರಲಿಲ್ಲ, ಕೈಗೆ ಒಂದು ಕೆಲಸ ಸಿಕ್ಕಿತು, ಅಷ್ಟೇ. ಅಹಲ್ಯಾಬಾಯಿಯವರಿಗೂ ನಾಲ್ಕನೆಯ ದಿನ ಬೆಳಕು ಹರಿಯುವ ಮುಂಚೆ ಎಚ್ಚರವಾಗಿರಬೇಕು, ಮೂವತ್ತು ವರ್ಷದ ಅಭ್ಯಾಸವಲ್ಲವೇ. ಅಷ್ಟು ವರ್ಷ ಅವರು ಆ ಹೊತ್ತನ್ನು ಹಿಡಿದಿಟ್ಟಿದ್ದರು. ಆ ದಿನ ಆ ಹೊತ್ತು ಅವರನ್ನು ಹಿಡಿದಿರಬೇಕು ಎಂಬುದು ನನ್ನ ಊಹೆ ಮಾತ್ರ.

1795ರ ಆಗಸ್ಟ್ 13ರಂದು ಅಹಲ್ಯಾಬಾಯಿ ಮಹೇಶ್ವರದಲ್ಲಿ ತೀರಿಕೊಂಡರು. ಎಪ್ಪತ್ತು ವರ್ಷ. ಘಾಟಿನ ಮೇಲೆ ಅವರ ನೆನಪಿನ ಛತ್ರಿ ಇದೆ, ಶಿವಲಿಂಗದ ಜೊತೆ ಅವರ ಪ್ರತಿಮೆಯೂ ಇದೆ.

ಅವರ ಕಾಲದಿಂದ ಬಂದ ಒಂದು ಪೂಜೆ ಅಲ್ಲಿ ಇವತ್ತೂ ನಡೆಯುತ್ತದೆ, ಲಿಂಗಾರ್ಚನೆ ಎನ್ನುತ್ತಾರೆ. ಬೆಳಗ್ಗೆ ಕೆಲವರು ಅರ್ಚಕರು ಸಾಲಾಗಿ ಕುಳಿತು, ಹದ ಮಾಡಿದ ಕಪ್ಪು ಮಣ್ಣಿನಲ್ಲಿ ಕಾಳಿನಷ್ಟು ಚಿಕ್ಕ ಚಿಕ್ಕ ಲಿಂಗಗಳನ್ನು ಮಾಡಿ ಹಲಗೆಯ ಮೇಲೆ ಜೋಡಿಸುತ್ತಾರೆ. ನಾವು ಹೋದಾಗ ಒಬ್ಬರು ವಯಸ್ಸಾದ ಅರ್ಚಕರು ಮಾತಾಡುತ್ತಲೇ ಬೆರಳು ನಿಲ್ಲಿಸದೆ ಮಾಡುತ್ತಿದ್ದರು, ನಮ್ಮ ಅಜ್ಜಿ ಕಥೆ ಹೇಳುತ್ತ ಬತ್ತಿ ಹೊಸೆಯುತ್ತಿದ್ದ ಹಾಗೆ. ಪೂಜೆ ಮುಗಿದ ಮೇಲೆ ಅಷ್ಟನ್ನೂ ನರ್ಮದೆಗೆ ಬಿಟ್ಟುಬಿಡುತ್ತಾರೆ. ಮಣ್ಣು ನೀರಿನಲ್ಲಿ ಕರಗುತ್ತದೆ. ಮರುದಿನಕ್ಕೆ ಮತ್ತೆ ಮಣ್ಣು ಕಲಸಬೇಕು.

ಸೀರೆಯನ್ನೂ ತಂದೆ. ಬಿಳಿಯದು, ಅಂಚು ಮಾತ್ರ ಇದೆ.